ಆರು ಜನರ ಸರ್ಕಾರದ ಟೈಪಿಸ್ಟ್

ಸ್ವೀಡನ್ನಿನ ಲಿಂಕೋಪಿಂಗ್ ಊರಿನ ಒಂದು ಶಿಶುವಿಹಾರದಲ್ಲಿ ದಿನವಿಡೀ ಮಕ್ಕಳ ಹಿಂದೆ ಓಡಾಡುವ ಮಾಲತಿಗೆ ಸಂಜೆ ಮನೆಗೆ ಬಂದರೆ ಮಾತೇ ಬೇಡವೆನಿಸುತ್ತಿತ್ತು. ಆಕೆ ಹಿಂದೊಮ್ಮೆ ಒಂದು ದೇಶದ ಸರ್ಕಾರದ ಮಾತುಗಳನ್ನೆಲ್ಲ ಬರೆದುಕೊಂಡವಳು ಎಂಬುದು ಅಲ್ಲಿನ ಕನ್ನಡದವರಿಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಗಂಡ ಬಾಲಚಂದ್ರನಿಗೆ ಪಶ್ಚಿಮ ಆಫ್ರಿಕಾದ ಒಂದು ರಾಜಧಾನಿಯಲ್ಲಿ ಕೆಲಸವಿತ್ತು. ಅಂತರ್ಯುದ್ಧದ ಕಾಲ. ಯಾವ ಒಬ್ಬನನ್ನೂ ಅಧ್ಯಕ್ಷನೆಂದು ಎಲ್ಲರೂ ಒಪ್ಪದ್ದರಿಂದ, ಬಡಿದಾಡುವ ಬಣಗಳವರನ್ನೂ ಊರ ಹಿರಿಯರನ್ನೂ ಸೇರಿಸಿ ಆರು ಜನರ ಮಂಡಳಿಯ ಕೈಗೆ ದೇಶವನ್ನು ಕೊಟ್ಟಿದ್ದರು. ಒಬ್ಬರ ಟೈಪಿಸ್ಟನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಯಾವ ಬಣಕ್ಕೂ ಸೇರದ, ದಾವಣಗೆರೆಯಲ್ಲಿ ಶಾರ್ಟ್‌ಹ್ಯಾಂಡ್ ಕಲಿತಿದ್ದ ಮಾಲತಿಯನ್ನು ಮಾತ್ರ ಆರೂ ಜನ ಒಪ್ಪಿದರು. ಯುದ್ಧ ಮುಗಿಯುವ ಮೊದಲೇ ಗಂಡ ಹೆಂಡತಿ ಅಲ್ಲಿಂದ ಹೊರಟು, ಕೊನೆಗೆ ಸ್ವೀಡನ್ ಸೇರಿದ್ದರು.

2004ರ ಚಳಿಗಾಲದಲ್ಲಿ ಆ ಆರರಲ್ಲಿ ಒಬ್ಬರಾದ ಮೋಸೆಸ್ ಫ್ಲೋಮೊ ಫೋನ್ ಮಾಡಿದರು. ಮೊದಲು ಶಾಲಾ ಮೇಷ್ಟರಾಗಿದ್ದವರು. ಈಗ ಆಶ್ರಯ ಪಡೆದು ಸ್ವೀಡನ್ನಿನದೇ ಟ್ರೋಲ್‌ಹೆಟ್ಟನ್ ಊರಿನಲ್ಲಿದ್ದರು. ಮಂಡಳಿಗೆ ಸೇರದ ಶತ್ರು ಬಣದ ಕೈಲಿದ್ದ ಒಂದು ಊರಿಗೆ ಹೋಗುವ ಅಕ್ಕಿ ಲಾರಿಗಳನ್ನು ಮಂಡಳಿ ಒಮ್ಮೆ ತಡೆದಿತ್ತು. ಅಲ್ಲಿ ಹಸಿವಿನಿಂದ ಸತ್ತವರಲ್ಲಿ ಫ್ಲೋಮೊ ಅವರ ಹೆಂಡತಿಯ ತಾಯಿಯೂ ಒಬ್ಬರು. ಆ ತೀರ್ಮಾನವಾದ ದಿನ ತಾನು ವಿರೋಧಿಸಿದ್ದೆ ಎಂದು ಮಗಳು ಗ್ರೇಸ್‌ಗೆ ಹೇಳಿಕೊಂಡು ಬಂದಿದ್ದರು, ಅವಳಿಗೀಗ ಅನುಮಾನ. ಅವಳನ್ನು ಕರೆತರುತ್ತೇನೆ, ಹೌದೆಂದು ಹೇಳಿಬಿಡಿ ಎಂದು ಬೇಡಿಕೊಂಡರು. ಬನ್ನಿ ಎಂದಷ್ಟೇ ಮಾಲತಿ ಹೇಳಿದಳು.

"ಮತ್ತೆ ಅದ್ರಲ್ಲಿ ನೀನ್ಯಾಕೆ ತಲೆ ಹಾಕ್ತೀಯ?" ಎಂದ ಬಾಲಚಂದ್ರ.

"ಬರ್ಲಿ ರೀ. ಊಟ ಮಾಡ್ಕೊಂಡು ಹೋಗ್ಲಿ."

ಶನಿವಾರ ಅಪ್ಪ ಮಗಳು ಬಂದರು. ಗ್ರೇಸ್ ಕೋಟನ್ನೂ ಬಿಚ್ಚದೆ ಕೂತು, ನೇರವಾಗಿ ಕೇಳಿದಳು. "ಲಾರಿ ತಡೆಯೋದು ಬೇಡ ಅಂತ ನಮ್ಮಪ್ಪ ಅಂದ್ರಾ?"

ಫ್ಲೋಮೊ ಕಾಫಿ ಲೋಟವನ್ನೇ ನೋಡುತ್ತಿದ್ದರು. ಹೌದೆಂದರೆ ಎಲ್ಲ ಮುಗಿಯುತ್ತಿತ್ತು. ಆದರೆ ಒಮ್ಮೆ ಹೌದೆಂದರೆ ಆ ಸುಳ್ಳನ್ನು ಕಾದುಕೊಂಡಿರಬೇಕು; ಅಷ್ಟು ತ್ರಾಣ ಮಾಲತಿಗೆ ಉಳಿದಿರಲಿಲ್ಲ.

"ಯಾರೂ ಬೇಡ ಅನ್ಲಿಲ್ಲಮ್ಮ. ಬೆಳಗ್ಗೆಯಿಂದ ಕೂತಿದ್ರು. ಕರೆಂಟಿಲ್ಲ, ಸೆಕೆ. ಅಬ್ಜೆಕ್ಷನ್ ಇದೆಯಾ ಅಂತ ಕೇಳಿದಾಗ ಎಲ್ಲರಿಗೂ ಸಾಕಾಗಿತ್ತು. ನಿಮ್ಮಪ್ಪನೂ ಸುಮ್ನಿದ್ರು."

"ಹೆದರಿದ್ರಾ?"

"ಗೊತ್ತಿಲ್ಲ. ಸುಸ್ತಾಗಿದ್ರು."

ಗ್ರೇಸ್ ಥ್ಯಾಂಕ್ಸ್ ಹೇಳಿ ಎದ್ದು, ಒಬ್ಬಳೇ ಬಸ್ಸು ಹಿಡಿದು ಹೋದಳು. ಫ್ಲೋಮೊ ಬೈಯಬಹುದೆಂದು ಮಾಲತಿ ಕಾದಳು. ಅವರು ಬೈಯಲಿಲ್ಲ. ಹೇಳಿ ಹೇಳಿ ತಾನೇ ಅದನ್ನು ನಂಬಿಬಿಟ್ಟಿದ್ದೆ ಎಂದರು. ಆಕೆ ಅನ್ನ ಸಾರು ಬಡಿಸಿದಳು. ಅವರು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡರು. ಬಾಲಚಂದ್ರ ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದ.

ಬೇಸಿಗೆ ಹೊತ್ತಿಗೆ ಫ್ಲೋಮೊ ಮತ್ತೊಮ್ಮೆ ಫೋನ್ ಮಾಡಿದರು. ಗ್ರೇಸ್‌ಗೆ ಸೋಲ್ನಾ ಎಂಬ ಊರಿನಲ್ಲಿ ಕೆಲಸ ಸಿಕ್ಕಿತ್ತು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವಳು ಈಗೀಗ ಭಾನುವಾರ ಫೋನ್ ಮಾಡುತ್ತಾಳೆ. ಹವೆಯ ಬಗ್ಗೆ ಕೇಳಿ ಇಡುತ್ತಾಳೆ ಎಂದರು. ಅಷ್ಟಾದರೂ ಇದೆಯಲ್ಲ ಎಂದಳು ಮಾಲತಿ. ಆಮೇಲೆ ಅವರ ನಂಬರನ್ನು ಆಕೆ ಅಳಿಸಲಿಲ್ಲ, ತಾನಾಗಿ ಫೋನೂ ಮಾಡಲಿಲ್ಲ.