ಗ್ರೈಂಡರಿಗೆ ಅಂಟಿಸಿದ ಬಿಲ್ಲೆ

ಕೋಲ್ಕತ್ತದ ಜಾದವ್‌ಪುರದ ಆ ಮನೆಗೆ ಬಾಡಿಗೆಗೆ ಬಂದ ಮೊದಲ ವಾರದಲ್ಲೇ ಬೆಂಗಳೂರಿನ ಮನೀಷ್ ಒಂದು ಘನಕಾರ್ಯ ಮಾಡಿದ. ಸಂಜೆ ಆಫೀಸು ಮುಗಿಸಿ, ಆಟೋದ ಮುಂದಿನ ಸೀಟಿನಲ್ಲಿ ಅರ್ಧ ದೇಹ ಒಳಗೆ ಅರ್ಧ ಹೊರಗೆ ಇಟ್ಟುಕೊಂಡು ಬಂದು, ಶೂ ಬಿಚ್ಚುತ್ತಿದ್ದಾಗ ತಾರಸಿಯ ಕಡೆಯಿಂದ 'ಗೂಂ...' ಎಂಬ ಸದ್ದು ಕೇಳಿಸಿತು. ಅದು ಏರಲೂ ಇಲ್ಲ, ಇಳಿಯಲೂ ಇಲ್ಲ. ಹಲ್ಲುನೋವಿನವನು ಬಾಯಿ ಮುಚ್ಚಿಕೊಂಡು ನರಳಿದಂತೆ ಒಂದೇ ಸಮನೆ ಎಳೆಯುತ್ತಿತ್ತು. ನೀರಿಲ್ಲದೆ ಮೋಟರ್ ಓಡುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಸುಟ್ಟೇ ಹೋಗುತ್ತದೆ ಎಂದು ಅವನ ಇಂಜಿನಿಯರಿಂಗ್ ಪದವಿ ಅವನಿಗೆ ತಿಳಿಸಿತು. ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದವನೇ ಮೇನ್ ಸ್ವಿಚ್ ಎಳೆದ. ಮನೆಯೆಲ್ಲ ಕತ್ತಲಾಯಿತು, ಸದ್ದೂ ನಿಂತಿತು. ಯಾರಾದರೂ ಬಂದು ಬೆನ್ನು ತಟ್ಟುತ್ತಾರೆಂದು ಅಲ್ಲೇ ನಿಂತ.

ಬಂದವರು ಮನೆಯ ಒಡತಿ ಸಾವಿತ್ರಮ್ಮ. ಮೊಣಕೈವರೆಗೂ ಉದ್ದಿನ ಹಿಟ್ಟು.

"ಯಾವನೋ ಅದು ಮೇನ್ ತೆಗ್ದಿದ್ದು? ನನ್ನ ಗ್ರೈಂಡರ್ ನಿಂತೋಯ್ತು!"

"ಮೋಟರ್ ಆಂಟಿ... ನೀರಿಲ್ದೆ ಓಡ್ತಿತ್ತು..."

"ಮೋಟರ್ ಬೆಳಿಗ್ಗೆ ಬಿಟ್ರೆ ಮತ್ತೆ ನಾನು ಹಾಕೋದೇ ಇಲ್ಲ. ಅದು ಮೇಲಿನ ಭರತೇಶನ ಸಂಗೀತ ಕಣೋ, ಪೆದ್ದ."

'ಸಂಗೀತ' ಎಂಬ ಮಾತನ್ನು ಆಕೆ ಅನ್ನದಲ್ಲಿ ಸಿಕ್ಕ ಕಲ್ಲನ್ನು ತೆಗೆದಿಡುವಂತೆ ಹೇಳಿದರು.

ಸಾವಿತ್ರಮ್ಮ ಮೈಸೂರಿನವರು. ಸಿಯಾಲ್ದಾದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಲೇಕ್ ಮಾರ್ಕೆಟ್ಟಿನ ಅಂಗಡಿಗಳಿಗೆ ದೋಸೆ ಹಿಟ್ಟು ರುಬ್ಬಿ ಕೊಡುತ್ತಿದ್ದರು. ಆ ಹಿಟ್ಟಿನ ಹದಕ್ಕೆ ಮನಸೋತ ಮನೆಗಳು ದಕ್ಷಿಣ ಕೋಲ್ಕತ್ತದ ತುಂಬ ಇದ್ದವು. ಹದ ಏನೆಂದು ಆಕೆ ಸ್ವಂತ ತಂಗಿಗೂ ಬಾಯಿ ಬಿಟ್ಟಿರಲಿಲ್ಲ.

ಮರುದಿನ ಮನೀಷನಿಗೆ ಕಾಫಿ ಕೊಟ್ಟು, ದನಿ ತಗ್ಗಿಸಿದರು. "ನೀನು ಓದಿದೋನು. ಅವ್ನು ಮೇಲೆ ನಿಜವಾಗ್ಲೂ ಏನ್ ಮಾಡ್ತಾನೆ ಅಂತ ನೋಡ್ಕೊಂಡ್ ಬಂದ್ ಹೇಳು. ಕಿಟಕಿಗೆಲ್ಲ ಕಂಬಳಿ ಹೊಡ್ದಿದಾನೆ. ಮೊನ್ನೆ ನನ್ನ ಗ್ರೈಂಡರ್ ಹೊಟ್ಟೆಗೆ ಒಂದು ಬಿಲ್ಲೆ ಅಂಟಿಸಿ, ವೈರ್ ಎಳ್ಕೊಂಡು ಕೂತಿದ್ದ. ಎಷ್ಟು ಹೊತ್ತು ರುಬ್ತೀರಿ ಅಕ್ಕಾರ ಅಂತ ಬೇರೆ ಕೇಳ್ತಾನೆ. ಹದ ಕದಿಯಕ್ಕೆ ಯಾರೋ ಕಳ್ಸಿರಬೇಕು. ಸರಿ ಇಲ್ಲ ಅನ್ಸಿದ್ರೆ ಹೇಳಿಬಿಡು, ಮುಂದಿನ ತಿಂಗಳು ಕೋಣೆ ಖಾಲಿ."

ಹೀಗೆ ಬೇಹುಗಾರಿಕೆಯ ಯಾವ ಯೋಗ್ಯತೆಯೂ ಇಲ್ಲದವನೊಬ್ಬ ಬೇಹುಗಾರನಾದ. ಭಾನುವಾರ, ಉಪ್ಪು ಕೇಳುವ ನೆಪದಲ್ಲಿ ಮನೀಷ್ ತಾರಸಿ ಹತ್ತಿದ. ಉಪ್ಪು ತುಂಬಿಸಿಕೊಳ್ಳಲು ಬಟ್ಟಲು ಒಯ್ಯುವುದನ್ನು ಮರೆತಿದ್ದ.

"ಬಾ ತಮ್ಮಾ. ಉಪ್ಪು ಅಂಗೈಯಾಗ ಹಾಕ್ಲೇನು?" ಎಂದ ಭರತೇಶ.

ನಲವತ್ತು ದಾಟಿದ ಮನುಷ್ಯ. ತಲೆ ಬೋಳು, ದಪ್ಪ ಕನ್ನಡಕ, ಕೊರಳಲ್ಲಿ ಲಿಫ್ಟ್ ರಿಪೇರಿ ಕಂಪನಿಯ ಗುರುತಿನ ಚೀಟಿ. ಗೋಡೆಯ ಮೇಲೊಂದು ಹಳೆಯ ಫೋಟೋ: ಸೊಂಟದವರೆಗೆ ಕೂದಲು, ಎದೆಯ ಮೇಲೆ ತಲೆಬುರುಡೆ, ಬಾಯಿ ಇಷ್ಟಗಲ. ಫೋಟೋದಲ್ಲಿದ್ದವನೂ ಎದುರಿಗಿದ್ದವನೂ ಒಬ್ಬನೇ ಎಂದು ನಂಬಲು ಮನೀಷನಿಗೆ ಕಿವಿಗಳನ್ನು ಹೋಲಿಸಿ ನೋಡಬೇಕಾಯಿತು.

ಭರತೇಶನ ಅಪ್ಪನೂ ರೈಲ್ವೆಯವರೇ, ಧಾರವಾಡದ ಕಡೆಯವರು. ಮಗ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕಾಲೇಜಿನಲ್ಲಿ ಮೆಟಲ್ ಬ್ಯಾಂಡ್ ಕಟ್ಟಿ, ಗಿಟಾರಿನ ತಂತಿಯನ್ನು ಸಡಿಲ ಬಿಟ್ಟು, ಕೇಳಿದವರ ಎದೆಗೂಡು ನಡುಗುವಂತೆ ಬಾರಿಸುತ್ತಿದ್ದ. ಡ್ರಮ್ಮಿನವನು ಮದುವೆಯಾದ, ಹಾಡುವವನು ಬ್ಯಾಂಕ್ ಸೇರಿದ, ಬ್ಯಾಂಡ್ ಮುಗಿಯಿತು. ಇವನು ಲಿಫ್ಟ್ ರಿಪೇರಿಗೆ ಸೇರಿದ. ಒಂದು ದಿನ ಹಳೆಯ ಕಟ್ಟಡವೊಂದರಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕುಳಿತು ಗ್ರೀಸ್ ಹಚ್ಚುತ್ತಿದ್ದಾಗ, ಆ ಕತ್ತಲ ಬಾವಿಯೊಳಗೆ ಹಗ್ಗ, ಕಬ್ಬಿಣ, ಗಾಳಿ ಎಲ್ಲ ಸೇರಿ ಒಂದು ಸದ್ದು ಎದ್ದಿತಂತೆ.

"ನಾವು ಐದು ಮಂದಿ ಅಷ್ಟು ವರ್ಷ ಒದರಿ ಒದರಿ ಹುಡುಕಿದ್ದು ಅಲ್ಲೇ ಸುಮ್ಮನ ಕೂತಿತ್ತು ನೋಡು," ಎಂದ.

ಅಂದಿನಿಂದ ತಾಳವಿಲ್ಲದ, ಮಾತಿಲ್ಲದ ಸದ್ದುಗಳ ಹಿಂದೆ ಬಿದ್ದಿದ್ದ. ಡಾರ್ಕ್ ಆಂಬಿಯೆಂಟ್ ಎನ್ನುತ್ತಾರಂತೆ. ಬಿಲ್ಲೆಯಂಥ ಮೈಕನ್ನು ನಡುಗುವ ವಸ್ತುವಿಗೆ ಅಂಟಿಸುವುದು, ರೆಕಾರ್ಡ್ ಮಾಡುವುದು, ಹತ್ತಾರು ಪಟ್ಟು ನಿಧಾನ ಮಾಡುವುದು, ಒಂದರ ಮೇಲೊಂದು ಪದರ ಹಾಸುವುದು. ಮೂರು ಬಾಡಿಗೆ ಮನೆಗಳಿಂದ ಇದಕ್ಕಾಗಿಯೇ ಹೊರಬಿದ್ದಿದ್ದ. ಈ ತಾರಸಿಗೆ ಒಂದು ಕಡೆ ಕೆರೆ, ಇನ್ನೊಂದು ಕಡೆ ಸಂಜೆಗೆ ಬಾಗಿಲು ಹಾಕುವ ಶಾಲೆ. ಗೋಡೆ ಬಡಿಯುವವರೇ ಇಲ್ಲ. "ಈ ಖೋಲಿ ಹೋತಂದ್ರ ನಂದು ಮುಗೀತು. ಹೆಡ್‌ಫೋನ್‌ನ್ಯಾಗ ಇದು ಹುಟ್ಟೂದಿಲ್ಲ, ಗೋಡಿ ನಡುಗಬೇಕು," ಎಂದ.

ಮನೀಷನಿಗೆ ಕರುಣೆ ಉಕ್ಕಿತು. ಕೆಳಗಿಳಿದವನು ಸ್ನಾನಕ್ಕೆ ಹೋದ. ಸೋಪು ಜಾರಿತು. ಎತ್ತಿಕೊಳ್ಳಲು ಬಗ್ಗಿದರೆ ನೀರಿನ ಪೈಪಿನ ಹಿಂದೆ, ಕಪ್ಪು ಟೇಪಿನಡಿ, ಅದೇ ಬಿಲ್ಲೆ. ವೈರು ವೆಂಟಿಲೇಟರಿನಿಂದ ನುಸುಳಿ ತಾರಸಿಗೆ ಏರಿತ್ತು.

ಕರುಣೆ ನೊರೆಯ ಜೊತೆಗೇ ಮೋರಿಗೆ ಹೋಯಿತು. ಏಕೆಂದರೆ ಮನೀಷ್ ಬಚ್ಚಲಿನಲ್ಲಿ ಹಾಡುತ್ತಿರಲಿಲ್ಲ. ಹಾಡಿದ್ದರೆ ಮಾನವಾದರೂ ಉಳಿಯುತ್ತಿತ್ತು. ಬೇರೆ ಕಂಪನಿಯ ಇಂಟರ್‌ವ್ಯೂಗಳಿಗೆ ಅಲ್ಲಿ ತಾಲೀಮು ನಡೆಸುತ್ತಿದ್ದ. 'ನನ್ನ ದೌರ್ಬಲ್ಯ ಎಂದರೆ ಅತಿಯಾದ ಶ್ರದ್ಧೆ' ಎಂದು ಕನ್ನಡಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಈಗಿನ ಮ್ಯಾನೇಜರನ್ನು ಅಲ್ಲೇ, ಅಚ್ಚ ಬೆಂಗಳೂರು ಕನ್ನಡದಲ್ಲಿ, ವಂಶಸಮೇತ ಬೈಯುತ್ತಿದ್ದ. ಅದೆಲ್ಲ ಮೇಲೆ ಪದರಪದರವಾಗಿ ಕುಳಿತಿದೆಯೆ? ಈ ಮನುಷ್ಯ ಲಿಫ್ಟ್ ನೋಡಲು ಹೋಗುವ ಕಟ್ಟಡಗಳಲ್ಲಿ ತನ್ನ ಆಫೀಸೂ ಒಂದಿದ್ದರೆ? ಗುರುತಿನ ಚೀಟಿ ನಿಜವೇ? ಫೋಟೋದ ಕಿವಿಗಳು ನಿಜವಾಗಿ ಹೋಲುತ್ತಿದ್ದವೆ?

ತಲೆ ಒರೆಸಿಕೊಳ್ಳದೆಯೇ ಹೋಗಿ ಸಾವಿತ್ರಮ್ಮನಿಗೆ ವರದಿ ಒಪ್ಪಿಸಿದ. ಬೈಗುಳದ ಭಾಗ ಬಿಟ್ಟು.

"ನಾನು ಹೇಳ್ಲಿಲ್ವಾ!" ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ತಾರಸಿ ಹತ್ತಿದರು. ಹಿಂದೆ ಮನೀಷ್, ಟವೆಲ್ ಹೆಗಲಿಗೆ ಹಾಕಿಕೊಂಡು.

ಭರತೇಶ ವಾದಿಸಲಿಲ್ಲ. "ಮೊದಲ ಕೂತು ಕೇಳ್ರಿ ಅಕ್ಕಾರ. ಆಮೇಲೆ ಬೈರಿ," ಎಂದು ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟ. ಒಂದು ಗುಂಡಿ ಒತ್ತಿದ.

ಮೊದಲು ಏನೂ ಇರಲಿಲ್ಲ. ಆಮೇಲೆ ನೆಲ ಸಣ್ಣಗೆ ನಡುಗಿತು. ದೂರದಲ್ಲಿ ಬೆಟ್ಟದಂಥದ್ದೇನೋ ನಿಧಾನವಾಗಿ ತಿರುಗುತ್ತಿತ್ತು. ಒಂದು ಸುತ್ತಿಗೊಮ್ಮೆ ಉಸಿರು ಬಿಡುತ್ತಿತ್ತು. ಉಸಿರಿನ ಅಡಿಯಲ್ಲಿ ಒದ್ದೆಯಾದದ್ದು ಜಾರುವ ಸದ್ದು. ಮನೀಷ್ ತನ್ನ ದನಿಗಾಗಿ ಕಿವಿ ನಿಗುರಿಸಿದ. ಪ್ರತಿ ನರಳಿಕೆಯೂ 'ಅತಿಯಾದ ಶ್ರದ್ಧೆ' ಎಂದಂತೆಯೇ ಕೇಳಿಸಿತು.

ಸಾವಿತ್ರಮ್ಮ ಕುರ್ಚಿಯ ಕೈ ಹಿಡಿದು ಕುಳಿತಿದ್ದರು. ಮುಗಿದ ಮೇಲೆ ಭರತೇಶನ ಕಡೆ ತಿರುಗಿದರು.

"ಇದು ನನ್ನ ಗ್ರೈಂಡರ್ರೇನೋ?"

"ಹೌದ್ರಿ. ನಿಮ್ಮ ಅಕ್ಕಿ, ನಿಮ್ಮ ಉದ್ದು. ಹದ ನನಗೇನ್ ತಿಳೀತದ? ನಾ ದೋಸಿ ತಿನ್ನೂದ ಬಿಟ್ಟೀನಿ, ಹೊಟ್ಟಿ ಉರೀತದ."

"ಅವರು ಹೋದ ಹೊಸದ್ರಲ್ಲಿ," ಎಂದರು ಸಾವಿತ್ರಮ್ಮ, ಯಾರನ್ನೂ ನೋಡದೆ, "ರುಬ್ಬಕ್ಕೆ ಹಾಕಿ ಪಕ್ಕದಲ್ಲೇ ಕೂತ್ಕೊಂಡಿರ್ತಿದ್ದೆ. ಆಗ ಹೀಗೇ ಕೇಳಿಸ್ತಿತ್ತು."

ಕೆಳಗೆ ಕೆರೆಯ ಬದಿಯಲ್ಲಿ ರಿಕ್ಷಾವೊಂದು ಹಾರ್ನ್ ಹಿಂಡಿತು. ಆಕೆ ಮೂಗು ಒರೆಸಿಕೊಂಡು ಮತ್ತೆ ಒಡತಿಯಾದರು.

"ಅದಿರ್ಲಿ. ಗ್ರೈಂಡರ್ ನಂದು, ಬಿಟ್ಟೆ. ಇವನ ಬಚ್ಚಲ ಪೈಪಿಗೂ ಅಂಟಿಸಿದ್ದೀಯಂತಲ್ಲ. ಎದುರಿಗೇ ಕೇಳ್ತಿದೀನಿ. ನಿಜ ಹೇಳಿದ್ರೆ ಬಿಲ್ಲೆ ಕಿತ್ತು ತಂದು ಕೋಣೆ ಇಟ್ಕೋ. ಸುಳ್ಳು ಹೇಳಿದ್ರೆ ಗಂಟುಮೂಟೆ ಕಟ್ಟು. ಈ ಹುಡುಗ ಒಳಗೆ ಆಡಿದ ಮಾತೆಲ್ಲ ಕೇಳಿಸ್ಕೊಂಡ್ಯಾ, ಇಲ್ವಾ?"

ಮನೀಷ್ ಟವೆಲಿನ ಅಂಚು ಹಿಂಡುತ್ತ ನಿಂತ. ಇಲ್ಲ ಎನ್ನಲಿ ಎಂದು ಬೇಡಿಕೊಳ್ಳುತ್ತಿದ್ದ. ಭರತೇಶ ಕನ್ನಡಕ ತೆಗೆದು, ಅವನನ್ನು ಮೇಲಿಂದ ಕೆಳಗೆ ನೋಡಿದ.

"ಕೇಳೀನ್ರಿ. ಕೆಳಗ ಖಾಲಿ ಇದ್ದಾಗ ಪೈಪಿನ ಸದ್ದಿಗೆ ಅಂತ ಹಚ್ಚಿದ್ದೆ, ಅದರಾಗ ಇವನೂ ಬಂದ. ನಿಧಾನ ಮಾಡಿ ಕೇಳಿದೆ, ಹಿಂದಮುಂದ ತಿರುವಿ ಕೇಳಿದೆ. ಮಾತಿನೊಳಗ ಏನೂ ಇರಲಿಲ್ಲ, ಅಳಿಸಿ ಹಾಕಿದೆ."