ಈಸ್ಟರಜ್ಜಿಯ ರೆಪ್ಪೆಗೂದಲು

ದೆವ್ವಗಳು ತನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತವೆ ಎಂದು ವರ್ಡೆಲ್ ಪೆಟಿಗ್ರೂ ಕೊಚ್ಚಿಕೊಳ್ಳುತ್ತಿದ್ದಳು. ಅಲಬಾಮಾದ ಆ ಸೀಮೆಯಲ್ಲಿ ಯಾರೂ ಅದನ್ನು ಅಲ್ಲಗಳೆದವರಿಲ್ಲ. ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿದವಳು. ಅವಳು ಗದರಿದರೆ ಹಿಂದಿನ ಸೀಟಿನ ಹುಡುಗರಷ್ಟೇ ಅಲ್ಲ, ಪಕ್ಕದ ಹಳಿಯ ಗೂಡ್ಸ್ ರೈಲೂ ಬಾಯಿ ಮುಚ್ಚುತ್ತಿತ್ತು. ನಿವೃತ್ತಳಾದ ಮೇಲೆ ಸುಮ್ಮನಿರಲಾರದೆ, ಮೊಮ್ಮಕ್ಕಳ ಓರಗೆಯವರ ಜೊತೆ ಊರಿನ ಕಪ್ಪುಜನರ ಕಾಲೇಜು ಸೇರಿದಳು.

ಆ ಅಕ್ಟೋಬರಿನ ಸೆಮಿನಾರಿನ ವಿಷಯ ಜನಾಂಗ, ಬುದ್ಧಿ, ಶಿಕ್ಷಣ. ಪ್ರೊಫೆಸರ್ ಬ್ರೇಸ್‌ವೆಲ್ ಕಾಲೇಜಿನ ಉಗ್ರಾಣದಿಂದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲೆ ತೆರೆದರು. ಒಳಗೊಂದು ಪ್ಲಾಸ್ಟರಿನ ಮುಖ. ಮುಖ ಅಳೆದು ಬುದ್ಧಿ ಹೇಳುತ್ತೇವೆಂದು ಹಿಂದೊಮ್ಮೆ ಬಂದ ಬಿಳಿಯ ಪಂಡಿತರು, ಹತ್ತಿ ಹೊಲದ ಹೆಂಗಸೊಬ್ಬಳ ಮುಖಕ್ಕೆ ಒದ್ದೆ ಪ್ಲಾಸ್ಟರ್ ಮೆತ್ತಿ ತೆಗೆದ ಅಚ್ಚು. ಉಸಿರಾಡಲೆಂದು ಮೂಗಿಗೆ ಸಿಕ್ಕಿಸಿದ್ದ ಕೊಳವೆಗಳ ತೂತುಗಳು ಇನ್ನೂ ಹಾಗೇ ಇದ್ದವು.

"ಮಿಸ್ ವರ್ಡೆಲ್, ನಿಮ್ಮಕ್ಕ ಇದ್ದಂಗಿದಾಳಲ್ರೀ!" ಪಕ್ಕದ ಸೀಟಿನ ಹುಡುಗ ಟವಾರಿಸ್ ಕಿಚಾಯಿಸಿದ.

"ನಮ್ಮಕ್ಕ ಇಷ್ಟೊತ್ತು ಬಾಯಿ ಮುಚ್ಕೊಂಡಿದ್ರೆ ಸೂರ್ಯ ಗಾಬರಿಯಾಗಿ ಅಲ್ಲೇ ಮುಳುಗ್ತಿದ್ದ, ಮರಿ," ಎನ್ನುತ್ತ ವರ್ಡೆಲ್ ಬಗ್ಗಿ ನೋಡಿದಳು. ನಗು ಅಲ್ಲೇ ಸತ್ತಿತು.

ಗದ್ದದ ಮೇಲೆ ಕಳೆಗುದ್ದಲಿ ತಗುಲಿದ ಗಾಯದ ಗುರುತು. ಅದು ಅವಳ ಅಜ್ಜಿ ಈಸ್ಟರಳ ಮುಖ. ಮುಚ್ಚಿದ ಕಣ್ಣಂಚಿನಲ್ಲಿ ನಿಜವಾದ ರೆಪ್ಪೆಗೂದಲು ಪ್ಲಾಸ್ಟರಿಗೆ ಅಂಟಿಕೊಂಡಿದ್ದವು.

ಅವರ ಮನೆಗಳಲ್ಲಿ ಬಾಚಣಿಗೆಯ ಕೂದಲನ್ನು ಒಲೆಗೆ ಹಾಕದೆ ಯಾರೂ ಮಲಗುವುದಿಲ್ಲ. ಪರರ ಕೈಗೆ ಕೂದಲು ಸಿಕ್ಕರೆ ತಲೆಯೂ ಅವರ ಕೈಗೆ ಸಿಕ್ಕಂತೆ. ಈಸ್ಟರಜ್ಜಿ "ಯಾರೋ ನನ್ ಕೂದ್ಲು ಇಟ್ಕೊಂಡವ್ರೆ" ಎಂದು ತಲೆ ಹಿಡಿದು ನರಳುತ್ತಲೇ ಸತ್ತವಳು. ಆಮೇಲೂ ಅಟ್ಟದಲ್ಲಿ ಆ ನರಳಾಟ ನಿಲ್ಲಲಿಲ್ಲ. ದೆವ್ವಗಳಿಗೆ ಅಂಜದ ವರ್ಡೆಲ್, ಅದು ಇಲಿ ಎಂದು ತನಗೆ ತಾನೇ ಹೇಳಿಕೊಂಡು ದೀಪ ಆರಿಸದೆ ಮಲಗುತ್ತಿದ್ದಳು.

ಮೂಗಿನ ತೂತುಗಳಿಂದ ಸಣ್ಣಗೆ ಉಸಿರಿನ ಸದ್ದು ಬಂತು.

"ಫ್ಯಾನ್ ಇರ್ಬೇಕು," ಎಂದ ಟವಾರಿಸ್, ಕುರ್ಚಿ ಹಿಂದಕ್ಕೆಳೆಯುತ್ತ.

"ಅದು ಕೆಟ್ಟು ಯಾವ ಕಾಲ ಆಯ್ತೋ!" ಹಿಂದಿನ ಸಾಲಿನಿಂದ ಯಾರೋ ಅಂದರು.

ವರ್ಡೆಲ್ ಎದ್ದು, "ತಡಿ ಅಜ್ಜಿ, ಬಂದೆ," ಎಂದು ಚೀಲದಿಂದ ಹುಬ್ಬು ಕೀಳುವ ಚಿಮುಟ ತೆಗೆದಳು.

"ಬೇಡಿ!" ಪ್ರೊಫೆಸರ್ ಅಡ್ಡ ಬಂದರು. "ಅದು ಸಾಕ್ಷಿ. ಹಿಂದ್ಗಡೆ ಆ ಪಂಡಿತರು ಏನು ಗೀಚಿದಾರೆ ನೋಡಿ: ಕಣ್ಣಲ್ಲಿ ಕಳೆಯಿಲ್ಲ, ಬಾಯಲ್ಲಿ ಮಾತಿಲ್ಲ, ಬುದ್ಧಿ ಮಂದ. ಒಂದು ಕೂದ್ಲೂ ಮುಟ್ಟಬಾರದು."

ಅವಳು ಅವರನ್ನು ಪಕ್ಕಕ್ಕೆ ಸರಿಸಿ, ಕೂದಲನ್ನು ಒಂದೊಂದಾಗಿ ಕಿತ್ತು ತನ್ನ ಊಟದ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಗೀರಿದ ಬೆಂಕಿಕಡ್ಡಿ ಮುರಿಯಿತು. ಟವಾರಿಸ್ ಇನ್ನೊಂದನ್ನು ಗೀರಿಕೊಟ್ಟ. ಸುಟ್ಟ ವಾಸನೆ ಎದ್ದಾಗ ಮೂಗಿನಿಂದ ಒಂದು ನಿಡಿದಾದ ನಿಟ್ಟುಸಿರು ಬಂತು. ಮತ್ತೆ ಬರಲಿಲ್ಲ. ಮೇಜಿನ ಮೇಲಿದ್ದದ್ದು ಈಗ ಬರೀ ಪ್ಲಾಸ್ಟರು.

"ಸಾಕ್ಷಿನೇ ಸುಟ್ಬಿಟ್ರಲ್ಲ ಮಿಸ್ ವರ್ಡೆಲ್! ಇನ್ನೇನಿಟ್ಕೊಂಡು ಪಾಠ ಮಾಡ್ಲಿ?"

"ಆ ಗೀಚಿದ್ದು ಉಳಿದಿದೆಯಲ್ಲ, ಪ್ರೊಫೆಸರೇ. ಕಣ್ಣು ಮುಚ್ಚು, ಬಾಯಿ ಮುಚ್ಚು ಅಂತ ಪ್ಲಾಸ್ಟರ್ ಮೆತ್ತಿದೋರೂ ಅವ್ರೇ; ಕಣ್ಣಲ್ಲಿ ಕಳೆಯಿಲ್ಲ, ಬಾಯಲ್ಲಿ ಮಾತಿಲ್ಲ ಅಂತ ಬರೆದೋರೂ ಅವ್ರೇ. ಮಂದಬುದ್ಧಿ ಯಾರ್ದು ಅಂತ ಹೇಳೋಕೆ ಇನ್ನೂ ಯಾರ್ ಮುಖ ಅಳೀಬೇಕು?"