ಒಂದು ಚಮಚ ತೀರ್ಥ

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅವಳಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಈಗ ಅವಳಿಗೆ ಹತ್ತು. ಬದುಕಿದ್ದಾಳೆ, ಶಾಲೆಗೆ ಹೋಗುತ್ತಾಳೆ, ಬೆಳಿಗ್ಗೆ ಎದ್ದರೆ ನನ್ನ ಜೊತೆ ಜಗಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಮಾತು ಶುರು ಮಾಡಿದ ಕೂಡಲೇ ಎದುರಿಗೆ ಕೂತವರು "ಮಗು ಉಳೀತಾ?" ಅಂತ ನನ್ನ ಮುಖ ನೋಡುತ್ತಾರೆ. ಉಳಿಯಿತು. ನಾನು ಹೇಳಬೇಕಾದದ್ದು ಅದಲ್ಲ. ಆ ಕಾಲದಲ್ಲಿ ನಾನೊಂದು ತಪ್ಪು ಮಾಡಿದೆ. ಅದು ನನ್ನ ಅತ್ತೆಯ ತಲೆಗೆ ಬಂತು. ನಾನು ಬರಲಿಕ್ಕೆ ಬಿಟ್ಟೆ.

ನಮ್ಮ ಮನೆ ಕಾಮೋಠೆಯಲ್ಲಿ, ಮೂರನೇ ಮಾಳಿಗೆ. ಇವರು, ಅಂದರೆ ನನ್ನ ಗಂಡ, ಠಾಣೆ ಸ್ಟೇಷನ್ನಿನ ಹತ್ತಿರ ಒಂದು ವೆಜ್ ಹೋಟೆಲಿನ ಮ್ಯಾನೇಜರು. ನಾನು ಪೆಥಾಲಜಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ. ಬಿ.ಎಸ್ಸಿ. ಓದಿದವಳು, ಸೂಜಿ ಹಿಡಿದವಳು, ಕ್ರಿಮಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ಕೀಮೋ ಶುರುವಾದಾಗ ಆಸ್ಪತ್ರೆಯ ನರ್ಸ್ ನಿಯಮಗಳನ್ನು ಹೇಳಿದರು. ಮಗುವಿನ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಕಣಗಳು ಕಡಿಮೆಯಾಗುತ್ತವೆ, ಸಣ್ಣ ಸೋಂಕೂ ಜೀವಕ್ಕೆ ಎರವಾಗಬಹುದು. ನೀರು ಕುದಿಸಿಯೇ ಕೊಡಬೇಕು. ಹಸಿ ತರಕಾರಿ ಬೇಡ, ಹೊರಗಿನದ್ದು ಬೇಡ, ಪ್ರಸಾದ ಬೇಡ. ಇದನ್ನೆಲ್ಲ ನಾನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಇವರು ಹೋಟೆಲಿನಿಂದ ಬಂದರೆ ನೇರ ಬಚ್ಚಲಿಗೆ, ಮೈ ತೊಳೆದು ಬಟ್ಟೆ ಬದಲಿಸದೆ ಮಗಳ ಹತ್ತಿರ ಸುಳಿಯುವಂತಿರಲಿಲ್ಲ. ದಿನಕ್ಕೆ ನೂರಾರು ಜನಕ್ಕೆ ಇಡ್ಲಿ ತಿನ್ನಿಸುವ ಮನುಷ್ಯ ತನ್ನ ಮಗಳಿಗೆ ಒಂದೇ ಒಂದು ಇಡ್ಲಿ ಕಟ್ಟಿ ತರಲಿಕ್ಕೆ ಆಗುತ್ತಿರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು, ನಮಗೆ ಕೇಳಿಸುವುದಿಲ್ಲ ಅಂತ ಅಂದುಕೊಂಡು.

ಸಹಾಯಕ್ಕೆ ಅಂತ ಅತ್ತೆ ಉಡುಪಿಯ ಕಡೆಯ ನಮ್ಮ ಊರಿನಿಂದ ಬಂದರು. ಬಂದವರ ಕೈಯಲ್ಲಿ ಒಂದು ಸಣ್ಣ ಬಾಟಲಿ. ಊರ ದೇವಸ್ಥಾನದ ತೀರ್ಥ, ಬಾಯಿಗೆ ಅರಿಶಿನದ ದಾರ ಬಿಗಿದು ಕಟ್ಟಿತ್ತು. ನಾನು ಬಾಗಿಲಲ್ಲೇ ಹಾರಿಬಿದ್ದೆ.

"ಎಂತ ಅತ್ತೆ ಇದು? ಫೋನಿನಲ್ಲಿ ಎಷ್ಟು ಸಲ ಹೇಳಿದ್ದೇನೆ! ಮಗುವನ್ನು ಕೊಲ್ಲಬೇಕು ಅಂತ ಉಂಟಾ ನಿಮಗೆ?"

ಎದುರು ಮನೆಯ ಮರಾಠಿ ಹೆಂಗಸು ಬಾಗಿಲು ತೆರೆದು ನೋಡುವಷ್ಟು ದೊಡ್ಡ ಸ್ವರ ನನ್ನದು. ಇವರು ಹಿಂದೆಯೇ ಸೂಟ್‌ಕೇಸ್ ಹಿಡಿದು ನಿಂತಿದ್ದರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದು ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟರು.

"ಕೊಡುವುದಿಲ್ಲ ಮಾರಾಯ್ತಿ. ಅವಳ ರಕ್ತದ ನಂಬರು ಮೇಲೆ ಬರಲಿ, ನೀನು ಹೇಳಿದ ಮೇಲೆ ಕೊಡುವ," ಅಂದರು.

ಹೇಳಿದ ಹಾಗೆ ನಡೆದುಕೊಂಡರು. ನನಗಿಂತ ಹೆಚ್ಚು ಕಟ್ಟುನಿಟ್ಟು ಅವರದ್ದು. ಚಮಚ ಕುದಿಸುತ್ತಿದ್ದರು, ಮಗಳ ಅಂಗಿಗಳಿಗೆ ಒಳಗೂ ಹೊರಗೂ ಇಸ್ತ್ರಿ ಹಾಕುತ್ತಿದ್ದರು, ದಿಂಬಿನ ಮೇಲೆ ಉದುರಿದ ಕೂದಲನ್ನು ಮಗಳು ಏಳುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಿದ್ದರು. ಸ್ಟಿರಾಯ್ಡಿನ ದಿನಗಳಲ್ಲಿ ಮಗಳಿಗೆ ಹಸಿವೋ ಹಸಿವು, ಸಿಟ್ಟೋ ಸಿಟ್ಟು. ನೀರ್‌ದೋಸೆ ಬೇಕು ಅನ್ನುತ್ತಾಳೆ, ಮಾಡಿದರೆ ತಟ್ಟೆ ಎಸೆಯುತ್ತಾಳೆ. ನನಗೆ ತಾಳ್ಮೆ ಎಲ್ಲಿಂದ? ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಅತ್ತೆ ನೆಲ ಒರೆಸಿ ಇನ್ನೊಂದು ದೋಸೆ ಎರೆಯುತ್ತಿದ್ದರು.

ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚ ವಿಜಯಪುರದ ಕಡೆಯ ಒಬ್ಬಳ ಮಗನದ್ದು. ಅವಳ ಗಂಡ ಕಲ್ಯಾಣದಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುವವನು. ಅವಳ ಮಗನೂ ನನ್ನ ಮಗಳೂ ಒಂದೇ ವಯಸ್ಸು, ಒಂದೇ ಮದ್ದು, ಒಂದೇ ದಿನಗಳ ಸರದಿ. ನನ್ನ ಕನ್ನಡ ಕೇಳಿ ಅವಳಿಗೆ ನಗು, ಅವಳದ್ದು ಕೇಳಿ ನನಗೆ. ನಾನು ನಿಯಮ ಹೇಳಿದರೆ ಅವಳು ಬೆರಳು ಮಡಚಿ ಲೆಕ್ಕ ಹಾಕಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಅಕ್ಷರ ಬಾರದವಳು, ಆದರೆ ಒಂದೂ ಮರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾವು ಮಗಳಿಗೆ ಇಂಜೆಕ್ಷನ್ ಹಾಕಿಸಲು ಹೋದಾಗ ಆ ಮಂಚದ ಹಾಸು ಬದಲಾಗಿತ್ತು. ಅವಳು ಹೊರಗೆ ಬೆಂಚಿನ ಮೇಲೆ ಸ್ಟೀಲಿನ ಡಬ್ಬಿ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಯಕ್ಕಾ, ನೀವು ಹೇಳಿದಂಗ ಎಲ್ಲಾ ಮಾಡೀನ್ರಿ. ಒಂದ ಒಂದು ತಪ್ಸಿಲ್ರಿ," ಅಂದಳು. ತಪ್ಪು ಎಲ್ಲಾಯಿತು ಅಂತ ನಾನು ಹೇಳಬೇಕು ಅನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ನಾನು ಮಗಳನ್ನು ಎತ್ತಿಕೊಂಡು ಒಳಗೆ ಓಡಿದೆ.

ಮಾರನೇ ದಿನ ಮಧ್ಯಾಹ್ನ ಅತ್ತೆ ತರಕಾರಿಗೆ ಅಂತ ಕೆಳಗೆ ಹೋಗಿದ್ದರು. ಮಗಳು ಹಾಸಿಗೆಯಲ್ಲಿದ್ದಳು. ನಾನು ದೇವರ ಗೂಡಿನ ಮುಂದೆ ನಿಂತೆ. ನಿಯಮ ಪಾಲಿಸಿದವಳ ಮಗ ಹೋದನಲ್ಲ, ಮತ್ತೆ ಫ್ರಿಜ್ಜಿನ ಮೇಲಿನ ಆ ಕಾಗದ ಯಾವ ಸುಡುಗಾಡಿಗೆ ಅನ್ನಿಸಿತು. ಹಲ್ಲಿನಿಂದ ದಾರ ಕಚ್ಚಿ ಬಿಚ್ಚಿದೆ. ಕುದಿಸಿ ಕೊಟ್ಟರೆ ಹೇಗೆ ಅಂತ ಒಂದು ಗಳಿಗೆ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಸಣ್ಣ ಪಾತ್ರೆಯನ್ನು ಗ್ಯಾಸಿನ ಮೇಲೆ ಇಟ್ಟೂ ಇಟ್ಟೆ. ಆದರೆ ಕುದಿಸಿದ ಮೇಲೆ ಅದು ತೀರ್ಥ ಹೇಗಾಗುತ್ತದೆ? ತುಳಸಿ ಬಿದ್ದ ಬಿಸಿನೀರು, ಅಷ್ಟೆ. ಪಾತ್ರೆ ಕೆಳಗಿಳಿಸಿದೆ. ಬಿ.ಎಸ್ಸಿ. ಓದಿದ ಹೆಂಗಸು, ವಾರಗಟ್ಟಲೆ ಹಳೆಯದಾದ ನೀರನ್ನು ಚಮಚಕ್ಕೆ ಬಗ್ಗಿಸಿ ಮಗಳ ಬಾಯಿಗೆ ಹಿಡಿದೆ. ಅವಳು ಮುಖ ಕಿವುಚಿ, "ಮಮ್ಮಾ, ಗಂದಾ ಹೈ," ಅಂದಳು. "ನುಂಗು, ನುಂಗು," ಅಂದೆ. ನುಂಗಿದಳು.

ಮೂರನೇ ದಿನ ಚಳಿ ನಡುಗಿ ಜ್ವರ ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗಳ ಕಣ್ಣು ಮೇಲೆ ಹೋಗಿತ್ತು. ನೇರ ಐಸಿಯುಗೆ ಹಾಕಿದರು. ಡಾಕ್ಟರು ಹೊರಗೆ ಬಂದು ಕುದಿಸದ ನೀರು, ಹೊರಗಿನ ತಿಂಡಿ, ಏನಾದರೂ ಕೊಟ್ಟಿದ್ದೀರಾ ಅಂತ ಹಿಂದಿಯಲ್ಲಿ ಕೇಳಿದರು. ನಾನು ಇಲ್ಲ ಅಂದೆ. ಎಷ್ಟು ಸಲೀಸಾಗಿ ಅಂದೆ! ಇವರು ಮಾತ್ರ ಯೋಚಿಸುತ್ತಾ ನಿಂತರು.

ಬಟ್ಟೆ ತರಲಿಕ್ಕೆ ಅಂತ ಇಬ್ಬರೂ ರಿಕ್ಷಾದಲ್ಲಿ ಮನೆಗೆ ಬಂದೆವು. ಇವರು ಚಪ್ಪಲಿ ಹಾಕಿಕೊಂಡೇ ದೇವರ ಗೂಡಿಗೆ ಹೋದರು. ದಾರ ಇಲ್ಲ. ಬಾಟಲಿಯ ನೀರು ಇಳಿದಿದೆ. ಅತ್ತೆ ಮಗಳ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವರು ತಲೆ ಎತ್ತಿದರು.

"ಇವಳು ಬಡ್ಕೊಂಡ್ಳಲ್ಲ ಬೇಡ ಬೇಡ ಅಂತ! ಈ ಬಾಗಿಲಲ್ಲೇ ನಿಂತು ಬಡ್ಕೊಂಡ್ಳಲ್ಲ! ಕೊಟ್ಟೇಬಿಟ್ಟೆಯಲ್ಲ ಅಮ್ಮ! ನನ್ನ ಮಗಳು ಹೋದರೆ ನೀನೂ ನನ್ನ ಪಾಲಿಗೆ ಸತ್ತ ಹಾಗೆ!" ಇವರು ಬಾಟಲಿಯನ್ನು ಗೋಡೆಗೆ ಎಸೆದರು.

ಅತ್ತೆ ನೆಲದ ಮೇಲಿನ ನೀರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮನೆಯಲ್ಲಿದ್ದದ್ದೇ ಇಬ್ಬರು ಹೆಂಗಸರು, ತಾವು ಕೊಟ್ಟಿಲ್ಲ ಅಂದ ಮೇಲೆ ಯಾರು ಅಂತ ಅವರಿಗೆ ಗೊತ್ತಾಗಲಿಕ್ಕೆ ಒಂದು ಕ್ಷಣ ಸಾಕಿತ್ತು. ನಾನು ಚೀಲದ ಜಿಪ್ ಹಿಡಿದುಕೊಂಡು ನಿಂತಿದ್ದೆ. ಹೆದರಿಕೆಯಿಂದ ನಾಲಿಗೆ ಹೊರಳಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಬೈಸಿಕೊಳ್ಳಲಿಕ್ಕೆ ಇನ್ನೊಬ್ಬರು ಸಿಕ್ಕಿದರಲ್ಲ ಅಂತ ಎದೆಯೊಳಗೆ ಹಗುರಾಯಿತು. ಥೂ ನನ್ನ ಜನ್ಮಕ್ಕೆ, ಹಗುರಾಯಿತು. ಅತ್ತೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ನೀರು ಒರೆಸಿ, ತಮ್ಮ ಸೀರೆಗಳನ್ನು ಮಡಚಿಟ್ಟರು. ಸಂಜೆಯೊಳಗೆ ನನ್ನ ಮೈದುನ ಬಂದು ಅವರನ್ನು ಡೊಂಬಿವಲಿಯ ತನ್ನ ಮನೆಗೆ ಕರೆದುಕೊಂಡು ಹೋದ.

ಮಗಳು ಹದಿನೇಳು ದಿನ ಐಸಿಯುದಲ್ಲಿದ್ದಳು. ಉಳಿದಳು, ಆದರೆ ಸೋಂಕಿಗೆ ಕೊಟ್ಟ ಬಿರುಸಾದ ಮದ್ದು ಅವಳ ಕಿವಿಗಳನ್ನು ತಿಂದಿತು. ಕೊಡದಿದ್ದರೆ ಜೀವ ಉಳಿಯುತ್ತಿರಲಿಲ್ಲ ಅಂದರು. ಈಗ ಎರಡೂ ಕಿವಿಗೆ ಮಶೀನು. ಬೆಳಿಗ್ಗೆ ಅವಳಿಗೆ ಅದನ್ನು ಹಾಕುವುದು ಇವರ ಕೆಲಸ. ಹಾಕುವಾಗ, "ನಿನ್ನ ಅಜ್ಜಿಯ ಉಡುಗೊರೆ," ಅಂತ ಗೊಣಗುತ್ತಿದ್ದರು. ದಿನಾ. ನಾನು ಹಿಂದೆ ನಿಂತು ಅವಳ ಟಿಫಿನ್ ಡಬ್ಬಿ ಮುಚ್ಚುತ್ತಿದ್ದೆ.

ಆ ಸೋಂಕು ಎಲ್ಲಿಂದ ಬಂತು ಅಂತ ನಾನು ಒಬ್ಬಳೇ ಇದ್ದಾಗ ಡಾಕ್ಟರನ್ನು ಒಮ್ಮೆ ಕೇಳಿದ್ದೆ. ಹೇಳಲಿಕ್ಕಾಗುವುದಿಲ್ಲ, ನೀರಿನಿಂದಲೂ ಬಂದಿರಬಹುದು, ಇಂಥ ಮಕ್ಕಳಿಗೆ ಅವರದೇ ಹೊಟ್ಟೆಯಿಂದಲೂ ಬರುತ್ತದೆ ಅಂದರು. ಆ ಮಾತನ್ನು ನಾನು ಭದ್ರವಾಗಿ ನನಗೇ ಅಂತ ಇಟ್ಟುಕೊಂಡೆ. ನಿದ್ದೆ ಬಾರದಿದ್ದರೆ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ಇವರಿಗೆ ಹೇಳಿದ್ದರೆ ಅತ್ತೆಯ ಮೇಲಿನ ಸಿಟ್ಟು ಅರ್ಧವಾದರೂ ಇಳಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಂತ ಭಯ.

ಅತ್ತೆ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದರು, ಇವರು ಹೋಟೆಲಿನಲ್ಲಿರುವ ಹೊತ್ತು ನೋಡಿ. "ಊಟ ಮಾಡ್ತಾಳಾ? ಕೂದಲು ಬಂತಾ? ತೂಕ ಎಷ್ಟಾಯ್ತು?" ಇಷ್ಟೆ. ಕಿವಿಯ ವಿಷಯ ನಾನು ಹೇಳಿರಲಿಲ್ಲ. ಮೈದುನನಿಗೂ ಹೇಳಬೇಡ ಅಂದಿದ್ದೆ, ಅತ್ತೆಗೆ ನೋವಾಗುತ್ತದೆ ಅಂತ ನೆಪ. ಅವರು ಒಂದು ಸಲವಾದರೂ ನನ್ನನ್ನು ಚುಚ್ಚಿದ್ದರೆ, ಎರಡು ಮಾತು ಬೈದಿದ್ದರೆ, ನಾನೂ ತಿರುಗಿ ಜಗಳಾಡಿ ಕಕ್ಕಿಬಿಡುತ್ತಿದ್ದೆ. ಆ ಪುಣ್ಯಾತ್ಗಿತ್ತಿ ಅದಕ್ಕೂ ದಾರಿ ಕೊಡಲಿಲ್ಲ.

ಹೀಗೇ ವರ್ಷಗಳು ಹೋದವು. ಕೆಲವು ತಿಂಗಳ ಹಿಂದಿನ ಚೆಕಪ್ಪಿನಲ್ಲಿ ಡಾಕ್ಟರು, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಅಂದರು. ಇವರು ಕಾರಿಡಾರಿನಲ್ಲೇ ಮಗಳನ್ನು ಎತ್ತಿಕೊಂಡು ತಿರುಗಿಸಿದರು. ಮನೆಗೆ ಬಂದವರೇ, "ಭಾನುವಾರ ಡೊಂಬಿವಲಿಗೆ ಹೋಗುವ. ಅಮ್ಮನನ್ನು ಕರ್ಕೊಂಡು ಬರುವ. ಎಷ್ಟಾದರೂ ನನ್ನ ತಾಯಿ," ಅಂದರು. ದೊಡ್ಡ ಮನಸ್ಸು ಮಾಡಿದ ಖುಷಿ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಠಾಣೆಯಲ್ಲಿ ಇಳಿದು ಡೊಂಬಿವಲಿಯ ಲೋಕಲ್ ಹಿಡಿದೆವು. ಗಾಡಿಯ ಸದ್ದಿಗೆ ತಲೆನೋವು ಬರುತ್ತದೆ ಅಂತ ಮಗಳು ಮಶೀನು ಆರಿಸಿ ಕಿಟಕಿಯಲ್ಲಿ ಕೂತಳು. ಇವರ ಹತ್ತಿರ ಹೇಳುವುದಾದರೆ ಈಗಲೇ, ಮುಂಬ್ರಾದ ಗುಡ್ಡ ದಾಟುವುದರೊಳಗೆ ಅಂತ ಅಂದುಕೊಂಡೆ. ಮುಂಬ್ರಾ ಹೋಯಿತು. ದಿವಾ ಸ್ಟೇಷನ್ ಬರುವುದರೊಳಗೆ ಅಂದುಕೊಂಡೆ. ಅದೂ ಹೋಯಿತು. ಇವರು, "ಅಮ್ಮನಿಗೆ ಕಿಟಕಿ ಹತ್ತಿರದ ಮಂಚ ಕೊಡುವ, ಅಲ್ವಾ?" ಅಂದರು. ಹೂಂ ಅಂದೆ.

ಅತ್ತೆ ಸೊರಗಿ ಅರ್ಧವಾಗಿದ್ದರು. ಹೋಗುವುದು ಅಂತ ಮೈದುನ ಹೇಳಿದ್ದಕ್ಕೆ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು, ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ಮಗಳನ್ನು ಎಳೆದು ತಬ್ಬಿಕೊಂಡು ಕಿವಿಯ ಹತ್ತಿರ ಏನೋ ಹೇಳಿದರು. ಮಗಳು ಹಿಂದೆ ಸರಿದು, "ಅಜ್ಜೀ, ಜೋರ್ ಸೇ ಬೋಲೋ," ಅಂದು ಕೂದಲು ಸರಿಸಿ ಮಶೀನು ಆನ್ ಮಾಡಿಕೊಂಡಳು. ಅತ್ತೆ ಅದನ್ನು ಮುಟ್ಟಿ ನೋಡಿದರು.

"ಇದೆಂತ ಮಗಾ?"

"ಆ ಜ್ವರಕ್ಕೆ ಕೊಟ್ಟ ಮದ್ದಿನಿಂದ ಕಿವಿ ಹೋಯ್ತು," ಇವರು ಅಂದರು. ಅತ್ತೆಯ ಕೈ ಮಗಳ ಕೆನ್ನೆಯ ಮೇಲೆ ನಿಂತಲ್ಲೇ ನಿಂತಿತು. "ಹೋಗ್ಲಿ ಅಮ್ಮ. ಆದದ್ದು ಆಯ್ತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನಿನ್ನನ್ನು ಕ್ಷಮಿಸಿ ಆಯ್ತು. ಬಾ, ಮನೆಗೆ ಹೋಗುವ."

ಅತ್ತೆ ತಲೆ ತಗ್ಗಿಸಿದರು. "ಆಯ್ತು ಮಗಾ," ಅಂದರು.

ಅದನ್ನು ನನ್ನಿಂದ ತಡೆದುಕೊಳ್ಳಲಿಕ್ಕೆ ಆಗಲಿಲ್ಲ. ಮಾಡದ ತಪ್ಪಿಗೆ ಆ ಜೀವ ಮಗನ ಎದುರು ತಲೆ ತಗ್ಗಿಸಿ ಕ್ಷಮೆ ತೆಗೆದುಕೊಂಡಿತು, ಮೊಮ್ಮಗಳ ಜೊತೆ ಇರಲಿಕ್ಕೆ ಸಿಗುತ್ತದಲ್ಲ ಅಂತ.

"ತೀರ್ಥ ಕೊಟ್ಟದ್ದು ನಾನು," ಅಂದೆ.

ಇವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ದಾರ ಕಚ್ಚಿದ್ದು, ಪಾತ್ರೆ ಇಟ್ಟು ಇಳಿಸಿದ್ದು, ಡಾಕ್ಟರಿಗೆ ಇಲ್ಲ ಅಂದದ್ದು, ಎಲ್ಲ ಹೇಳಿದೆ. ಇವರು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟ ಇವತ್ತಿಗೂ ನಮ್ಮ ಮನೆಯಲ್ಲಿ ಹಾಗೇ ಉಂಟು, ಅದರ ವಿಷಯ ನಾನು ಬರೆಯುವುದಿಲ್ಲ. ಆಮೇಲೆ ಅತ್ತೆಯ ಕಡೆ ತಿರುಗಿದರು. ಸ್ವರ ಏರಿತು.

"ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿ ಕೂತೆಯಾ? ಯಾಕಮ್ಮ? ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

ಅತ್ತೆ ಎದ್ದರು. ಬಾಗಿಲ ಬಳಿಯಿದ್ದ ಚೀಲವನ್ನು ಎತ್ತಿಕೊಂಡು ಹೋಗಿ ಒಳಗಿನ ಕೋಣೆಯಲ್ಲಿಟ್ಟು ಬಂದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇವರ ಮುಖ ನೋಡಿದರು.

"ಕೇಳಿದ್ದರೆ ಹೇಳ್ತಿದ್ದೆ ಮಗಾ," ಅಂದರು. "ನೀನು ಕೇಳ್ಲೇ ಇಲ್ಲ."